ಮೊದಲು ಒಂದು ಗುಂಡು ಕನ್ನಡಿ ಹಾಕಿಸಿ

ನಮಸ್ಕಾರ ತಂಗಿ,

ನೀವು ಬರೆದದ್ದನ್ನು ನಿನ್ನೆ ರಾತ್ರಿ ಗಲ್ಲಾ ಎಣಿಸಿ ಮುಗಿಸಿದ ಮೇಲೆ ಓದಿದೆ. ಹಾಸನದಿಂದ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ಗೆ ಬಂದು ಎಂಟು ತಿಂಗಳಾಯಿತು, ಯಜಮಾನರು ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಕೆಲಸ ಮಾಡುತ್ತಿದ್ದಾರೆ, ದೊಡ್ಡವಳಿಗೆ ಏಳು ವರ್ಷ, ಚಿಕ್ಕವನಿಗೆ ಮೂರು. ಮನೆ ಹತ್ತಿರ ವಯಸ್ಸಾದ ಗುಜರಾತಿ ದಂಪತಿ ಅಂಗಡಿ ಮಾರುತ್ತಿದ್ದಾರೆ, ತಗೊಳ್ಳೋದಾ ಬೇಡ್ವಾ, ತಿಂಗಳಿಗೆ ಏನು ಉಳಿಯುತ್ತೆ, ಮಕ್ಕಳನ್ನು ಇಟ್ಟುಕೊಂಡು ನಿಭಾಯಿಸೋಕಾಗುತ್ತಾ, ಅವರಿಗೆ ಕನ್ನಡ ಉಳಿಯುತ್ತಾ ಅಂತ ಕೇಳಿದ್ದೀರಿ. ಕೊನೆಯಲ್ಲಿ "ಕೆಳಗೆ ಅಂಗಡಿ, ಮೇಲೆ ಮನೆ, ಮಕ್ಕಳು ಕಣ್ಣೆದುರಿಗೇ ಇರುತ್ತಾರೆ, ಅದೊಂದು ಸಮಾಧಾನ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಇದೇ ಮಾತನ್ನು ನಾನು 2007ರಲ್ಲಿ ನಮ್ಮಪ್ಪನಿಗೆ ಫೋನಿನಲ್ಲಿ ಹೇಳಿದ್ದೆ.

ನಮ್ಮ ಅಂಗಡಿ ಕೊವೆಂಟ್ರಿಯಲ್ಲಿ. ಇಂಗ್ಲೆಂಡಿಗೆ ಬಂದದ್ದು 2002ರ ಜನವರಿ. ನಮ್ಮವರು ಕಾರಿನ ಬಿಡಿಭಾಗ ಮಾಡುವ ಒಂದು ಕಡೆ ಎಂಜಿನಿಯರ್ ಆಗಿದ್ದರು. ಆಗ ವರ್ಕ್ ಪರ್ಮಿಟ್‌ನವರಿಗೆ ನಾಲ್ಕು ವರ್ಷಕ್ಕೇ ಐಎಲ್ಆರ್, ಅಂದರೆ ಇಲ್ಲೇ ಕಾಯಂ ಇರುವ ಅನುಮತಿ, ಸಿಗುತ್ತಿತ್ತು, 2006ರ ಏಪ್ರಿಲ್‌ನಲ್ಲಿ ಅದನ್ನು ಐದು ಮಾಡಿದರು, ನಾವು ಸ್ವಲ್ಪದರಲ್ಲಿ ಅದರಿಂದ ಪಾರಾದೆವು. ಐಎಲ್ಆರ್ ಕೈಗೆ ಬಂದ ಮರುವರ್ಷ ನಮ್ಮವರ ಕೆಲಸ ಹೋಯಿತು. ಊರಿಗೆ ವಾಪಸ್ ಹೋಗೋಣ ಅಂತ ನಾನು, ಮುಖ ಹೊತ್ತುಕೊಂಡು ಹೇಗೆ ಹೋಗೋದು ಅಂತ ಅವರು. ಕೊನೆಗೆ ನಾನೇ ಅಂದೆ, ನಾನು ದಿನಸಿ ಅಂಗಡಿಯಲ್ಲಿ ಹುಟ್ಟಿ ಬೆಳೆದವಳು, ಒಂದು ಅಂಗಡಿ ನೋಡಿ ಅಂತ. ಹೇಳಿದವಳು ನಾನೇ, ಆದ್ದರಿಂದ ಯಾರನ್ನೂ ಬೈಯುವ ಹಾಗಿಲ್ಲ.

ವೀಸಾದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಮ್ಮ ಕಾಲದ ನಿಯಮವೇ ಬೇರೆ. ಯಜಮಾನರ ವೀಸಾದ ಮೇಲೆ ಬಂದ ಡಿಪೆಂಡೆಂಟ್ ಆಗಿ ನೀವು ಸ್ವಂತ ವ್ಯಾಪಾರ ಮಾಡಬಹುದು, ಆದರೆ ನಿಮ್ಮ ಯಜಮಾನರು ಸಂಜೆ ಬಂದು ಗಲ್ಲಾದಲ್ಲಿ ನಿಲ್ಲಬಹುದೇ, ಎಷ್ಟು ಹೊತ್ತು, ಯಾರ ಹೆಸರಿನಲ್ಲಿ ಅನ್ನುವುದನ್ನು ದುಡ್ಡು ಕೊಟ್ಟು ವಕೀಲರನ್ನೇ ಕೇಳಿ. "ಏನೂ ಆಗಲ್ಲ ಬಿಡಿ" ಅನ್ನುವವರು ಬಹಳ ಜನ ಸಿಗುತ್ತಾರೆ. ಏನಾದರೂ ಆದ ದಿನ ಅವರು ಫೋನ್ ಎತ್ತುವುದಿಲ್ಲ.

ಎಷ್ಟು ಉಳಿಯುತ್ತೆ ಅಂದರೆ, ತಂಗಿ, ಅದನ್ನು ಅಕ್ಕತಂಗಿಯರಿಗೂ ಹೇಳಬಾರದು ಅಂತ ನಮ್ಮಪ್ಪ ಹೇಳುತ್ತಿದ್ದರು! ಇಬ್ಬರು ಹೊರಗೆ ದುಡಿದರೆ ಬರುವುದಕ್ಕಿಂತ ಕಡಿಮೆಯೇ, ಗಂಟೆ ಲೆಕ್ಕ ಹಾಕಿದರೆ ಇನ್ನೂ ಕಡಿಮೆ. ಲಾಟರಿ ಟಿಕೆಟ್ 100 ಪೌಂಡಿನಷ್ಟು ಮಾರಿದರೆ ನಮಗೆ 5 ಪೌಂಡು. ಸಿಗರೇಟಿನಲ್ಲಿ ದುಡ್ಡು ಓಡಾಡುತ್ತದೆ, ನಿಲ್ಲುವುದಿಲ್ಲ. ಉಳಿಯುವುದು ಹಾಲಿಗೆ ಬಂದವರು ಜೊತೆಗೆ ತಗೊಂಡು ಹೋಗುವ ಇನ್ನೆರಡು ಸಾಮಾನಿನಲ್ಲಿ. ಮತ್ತೆ ಭಾನುವಾರ. 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆ ಮಾತ್ರ ತೆರೆಯಬೇಕು ಅಂತ 1994ರಿಂದ ಕಾನೂನಿದೆ. ನಮ್ಮಂಥ ಪುಟ್ಟ ಅಂಗಡಿಗೆ ಆ ಕಟ್ಟಿಲ್ಲ. ದೊಡ್ಡವರು ಬಾಗಿಲು ಹಾಕಿದ ಮೇಲೆ ನಮ್ಮ ವ್ಯಾಪಾರ. ಕ್ರಿಸ್ಮಸ್ ದಿನವೂ ಹಾಗೇ. ಅವತ್ತು ಮಕ್ಕಳಿಗೆ ಆಟಿಕೆ ಕೊಟ್ಟು ಬ್ಯಾಟರಿ ಮರೆತ ಅಪ್ಪಂದಿರೆಲ್ಲ ಪೈಜಾಮದಲ್ಲೇ ಓಡಿ ಬರುತ್ತಾರೆ. ಚೆನ್ನಾಗಿ ಮಾರಿದ್ದೇವೆ. ನಮ್ಮ ಮಕ್ಕಳು ಆ ಹೊತ್ತಿಗೆ ಮೇಲೆ ಟೀವಿ ನೋಡುತ್ತಾ ಕೂತಿರುತ್ತಿದ್ದವು.

ವ್ಯಾಟ್ ವಿಷಯ ಒಂದು ನೆನಪಿಡಿ. ವರ್ಷಕ್ಕೆ 90,000 ಪೌಂಡು ದಾಟಿದರೆ ನೋಂದಣಿ ಮಾಡಿಸಲೇಬೇಕು, 2024ರ ಏಪ್ರಿಲ್‌ವರೆಗೂ ಅದು 85,000 ಇತ್ತು. ಇದು ಲಾಭದ ಲೆಕ್ಕವಲ್ಲ, ವಹಿವಾಟಿನ ಲೆಕ್ಕ. ಹಾಲು, ಬ್ರೆಡ್ಡು, ಅಕ್ಕಿ, ಬೇಳೆ, ಪೇಪರಿಗೆ ಸೊನ್ನೆ, ಚಾಕೊಲೇಟು ಚಿಪ್ಸಿಗೆ 20 ಪರ್ಸೆಂಟು. ಒಳ್ಳೆ ಅಕೌಂಟೆಂಟ್ ಹಿಡಿಯಿರಿ, ನೆಂಟರ ಪೈಕಿಯವರು ಬೇಡ.

ಇನ್ನು ಆ ಗುಜರಾತಿ ದಂಪತಿ. ನಮಗೆ ಅಂಗಡಿ ಕೊಟ್ಟವರೂ ಗುಜರಾತಿಯವರೇ, 1972ರಲ್ಲಿ ಉಗಾಂಡದಿಂದ ಓಡಿಸಿಕೊಂಡು ಬಂದವರು. ಮಗ ಫಾರ್ಮಸಿಸ್ಟು, ಮಗಳು ಲಾಯರು, ಅಂಗಡಿ ಯಾರಿಗೂ ಬೇಡವಾಗಿತ್ತು. ಒಳ್ಳೆ ಜನವೇ. ಆದರೂ ವ್ಯಾಪಾರ ವ್ಯಾಪಾರವೇ. ಮೂರು ವರ್ಷದ ಲೆಕ್ಕಪತ್ರ ಕೇಳಿ, ಬಾಯಿಮಾತಿನ ವಾರದ ವ್ಯಾಪಾರ ನಂಬಬೇಡಿ. ಒಂದು ವಾರ ಎದುರಿಗಿನ ಬಸ್‌ಸ್ಟಾಪಿನಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ನಿಂತು ಎಷ್ಟು ಜನ ಒಳಗೆ ಹೋಗುತ್ತಾರೆ ಎಣಿಸಿ. ಲೀಸನ್ನು ಪೂರ್ತಿ ಓದಿಸಿ. ಮಾಡು ಸೋರಿದರೆ ಯಾರು ರಿಪೇರಿ ಮಾಡಿಸಬೇಕು ಅಂತ ಅದರಲ್ಲಿ ಇರುತ್ತದೆ, ಸಾಮಾನ್ಯವಾಗಿ ಅದು ನೀವೇ ಆಗಿರುತ್ತೀರಿ. ಅವಧಿ ಮುಗಿದ ಮೇಲೆ ಲೀಸ್ ಮುಂದುವರಿಸುವ ಹಕ್ಕು 1954ರ ಮಾಲೀಕ-ಬಾಡಿಗೆದಾರರ ಕಾಯ್ದೆಯಲ್ಲಿ ಇದೆ, ಆದರೆ ಎಷ್ಟೋ ಲೀಸುಗಳಲ್ಲಿ ಅದನ್ನು ಮೊದಲೇ ಬರೆಸಿ ಕಿತ್ತುಹಾಕಿರುತ್ತಾರೆ. ಅದನ್ನೂ ಕೇಳಿ.

ಸ್ಟಾಕು ಎಣಿಸುವ ರಾತ್ರಿ ನೀವೂ ಇರಬೇಕು. ಒಬ್ಬ ಮನುಷ್ಯ ಬಂದು ಅಂಗಡಿಯಲ್ಲಿರುವ ಒಂದೊಂದು ಡಬ್ಬಿಯನ್ನೂ ಎಣಿಸಿ ಬೆಲೆ ಕಟ್ಟುತ್ತಾನೆ, ಅಷ್ಟು ದುಡ್ಡು, ನಡೆಯುವ ವ್ಯಾಪಾರಕ್ಕೆಂದು ಕೊಡುವ ಗುಡ್‌ವಿಲ್ ಮೇಲೆ ಬೇರೆ ಕೊಡಬೇಕು. ಹೊಸಬರು ಅಂತ ನಾವು ಸಂಕೋಚಪಟ್ಟು ಒಂದು ಮೂಲೆಯಲ್ಲಿ ನಿಂತಿದ್ದೆವು. ಮಾರನೆ ದಿನ ನೋಡಿದರೆ ತಾರೀಕು ಮುಗಿದ ಬಟಾಣಿ ಡಬ್ಬಿ, ಒಣಗಿ ಕಲ್ಲಾದ ಶೂ ಪಾಲಿಶು, ಅರವತ್ತನೇ ಮದುವೆ ವಾರ್ಷಿಕೋತ್ಸವದ ಗ್ರೀಟಿಂಗ್ ಕಾರ್ಡು ನಲವತ್ತು. ನಲವತ್ತು! ಒಂದೇ ಬೀದಿಯಲ್ಲಿ! ಅದರಲ್ಲಿ ಹನ್ನೊಂದು ಇನ್ನೂ ಇವೆ, ನಿಮಗೆ ಬೇಕಾದರೆ ಹೇಳಿ.

ನಾವು ಬೀಗದ ಕೈ ತಗೊಂಡದ್ದು 2007ರ ಸೆಪ್ಟೆಂಬರ್ ಕೊನೆಯ ವಾರ. ಅಕ್ಟೋಬರ್ 1ರಿಂದ ಸಿಗರೇಟು ಕೊಳ್ಳುವ ವಯಸ್ಸು 16ರಿಂದ 18ಕ್ಕೆ ಏರಿತು. ಭಾನುವಾರ ಸಿಗರೇಟು ಕೊಂಡು ಹೋದ ಹದಿನೇಳರ ಹುಡುಗ ಸೋಮವಾರ ಬಂದರೆ ಕೊಡುವ ಹಾಗಿಲ್ಲ. ಅವನಿಗೆ ಕಾನೂನು ಬದಲಾದದ್ದು ಕಾಣುವುದಿಲ್ಲ, ಅಂಗಡಿಯವರು ಬದಲಾದದ್ದು ಕಾಣುತ್ತದೆ. ಹಳೆ ಅಂಕಲ್ ಕೊಡುತ್ತಿದ್ದರು, ಈ ಹೊಸ ಹೆಂಗಸು ಕೊಡುವುದಿಲ್ಲ. ಮೊದಲ ವಾರವೇ ಬಾಗಿಲಿಗೆ ಮೊಟ್ಟೆ ಬಿತ್ತು. ನಮ್ಮ ಅಂಗಡಿಯಲ್ಲೇ ಕೊಂಡ ಮೊಟ್ಟೆ ಅಂತ ನಮ್ಮವರು ಈಗಲೂ ತಮಾಷೆ ಮಾಡುತ್ತಾರೆ. ಬಂದವರು ಯಾರೇ ಆಗಲಿ, 25ಕ್ಕಿಂತ ಚಿಕ್ಕವರ ಹಾಗೆ ಕಂಡರೆ ಗುರುತಿನ ಚೀಟಿ ಕೇಳಿ. ಅಧಿಕಾರಿಗಳು ಬೇಕೆಂದೇ ಚಿಕ್ಕ ವಯಸ್ಸಿನವರನ್ನು ಕಳಿಸಿ ಪರೀಕ್ಷೆ ಮಾಡುತ್ತಾರೆ. ಕೊಡದೆ ವಾಪಸ್ ಕಳಿಸಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ.

ಮದ್ಯ ಇಡಬೇಕಾ ಅಂತ ಕೇಳಿಲ್ಲ ನೀವು, ಆದರೆ ಮನಸ್ಸಿನಲ್ಲಿದೆ ಅಂತ ಗೊತ್ತು. ನಮ್ಮ ಮನೆಯಲ್ಲೂ ಅದರ ವಾಸನೆ ಕಂಡವರಿರಲಿಲ್ಲ. ಅಪ್ಪನಿಗೆ "ದಿನಸಿ ಅಂಗಡಿ" ಅಂತ ಅಷ್ಟೇ ಹೇಳಿದ್ದೆ. ಇಡದಿದ್ದರೆ ಅಂಗಡಿ ನಡೆಯುವುದಿಲ್ಲ. ಲೈಸೆನ್ಸಿನ ಕೋರ್ಸು ಒಂದೇ ದಿನದ್ದು, ಪರೀಕ್ಷೆಯೂ ಸುಲಭ. ಲಕ್ಷ್ಮಿ ಪಟವನ್ನು ವೈನಿನ ಎದುರಿಗೆ ಇಡಬೇಡಿ ಅಷ್ಟೇ, ನಾನು ಅಕ್ಕಿ ಮೂಟೆ ಕಡೆ ತಿರುಗಿಸಿದ್ದೇನೆ.

ಈಗ ಮಕ್ಕಳ ವಿಷಯ. ಚಿಕ್ಕವನಿಗೆ ಮೂರು ತುಂಬಿದ ನಂತರದ ಟರ್ಮಿನಿಂದ ವಾರಕ್ಕೆ 15 ಗಂಟೆ ನರ್ಸರಿ ಉಚಿತ, ಇವತ್ತೇ ಹೋಗಿ ಹೆಸರು ಬರೆಸಿ. ದೊಡ್ಡವಳ ಶಾಲೆಯಲ್ಲಿ ಬೆಳಿಗ್ಗೆ ಬೇಗ ಮಕ್ಕಳನ್ನು ಬಿಟ್ಟು ಬರಬಹುದಾದ ಬ್ರೇಕ್‌ಫಾಸ್ಟ್ ಕ್ಲಬ್ ಇದೆಯಾ ಕೇಳಿ. ಬೆಳಗಿನ ಜಾವ ಐದಕ್ಕೆ ಪೇಪರ್ ಬಂಡಲು ಬಂದು ಶಟರಿಗೆ ಧೊಪ್ ಅಂತ ಬೀಳುತ್ತದೆ. ಅದನ್ನು ಬಿಚ್ಚಿ, ಎಣಿಸಿ, ಪುರವಣಿ ಸೇರಿಸುವಷ್ಟರಲ್ಲಿ ಕೆಲಸಕ್ಕೆ ಹೋಗುವವರು ಸಿಗರೇಟು, ಹಾಲು, ರೋಲ್ ಅಂತ ಬರುತ್ತಾರೆ. ಎಂಟೂವರೆಗೆ ಶಾಲೆಗೆ ಬಿಡುವ ಹೊತ್ತು, ಅಂಗಡಿಗೂ ಅದೇ ಹೊತ್ತು. ಮಧ್ಯಾಹ್ನ ಮೂರೂವರೆಗೂ ಹಾಗೇ, ನಿಮ್ಮ ಮಗು ಮನೆಗೆ ಬರುವ ಹೊತ್ತಿಗೆ ಊರಿನ ಮಕ್ಕಳೆಲ್ಲ ಅಂಗಡಿಗೆ ಬರುತ್ತವೆ. ರಾತ್ರಿ ಹತ್ತಕ್ಕೆ ಶಟರ್ ಎಳೆಯುತ್ತಿದ್ದೆವು. ಇಬ್ಬರೂ ಮಕ್ಕಳ ಜೊತೆ ಒಟ್ಟಿಗೆ ಕೂತು ಉಂಡದ್ದು ಬೆರಳಲ್ಲಿ ಎಣಿಸಬಹುದು.

ನಾನು ಎಡವಿದ್ದು ಎಲ್ಲಿ ಅಂದರೆ, ನಾನು ಅಂಗಡಿಯಲ್ಲಿ ಬೆಳೆದಿದ್ದೆ, ಚೆನ್ನಾಗಿಯೇ ಬೆಳೆದಿದ್ದೆ, ಹಾಗಾಗಿ ನನ್ನ ಮಕ್ಕಳೂ ಬೆಳೆಯುತ್ತವೆ ಅಂದುಕೊಂಡೆ. ತಿಪಟೂರಿನಲ್ಲಿ ಅಪ್ಪನ ಅಂಗಡಿ, ಹಿಂದೆ ಮನೆ. ಅಕ್ಕಿ ಮೂಟೆ ಮೇಲೆ ಮಲಗಿ ಮಗ್ಗಿ ಕಲಿತವಳು ನಾನು. ಕೊಬ್ಬರಿ ಹರಾಜಿನ ದಿನ ಊರೆಲ್ಲ ತುಂಬಿ ಅಂಗಡಿಯಲ್ಲಿ ಕಾಲಿಡೋಕೆ ಜಾಗ ಇರುತ್ತಿರಲಿಲ್ಲ, ಅವತ್ತು ಉದ್ರಿ ಪುಸ್ತಕದ ಬಾಕಿ ವಸೂಲಿ ಜೋರು, ನಾನು ಹೆಸರು ಓದಿ ಹೇಳುತ್ತಿದ್ದೆ. ಆದರೆ ಅಲ್ಲಿ ನನಗೆ ಹಸಿವಾದರೆ ಒಳಗೆ ಅಜ್ಜಿ ಇದ್ದಳು, ಬೇಜಾರಾದರೆ ಪಕ್ಕದ ಟೈಲರ್ ಅಂಗಡಿಯ ಮಾಮ ಇದ್ದ, ಬಂದ ಗಿರಾಕಿ ಎಲ್ಲ ನಮ್ಮದೇ ಮಾತಾಡುತ್ತಿದ್ದರು, "ಏನವ್ವಾ, ಎಷ್ಟನೇ ಕ್ಲಾಸು" ಅಂತ ಕೇಳದೆ ಹೋಗುತ್ತಿರಲಿಲ್ಲ. ಆ ಅಂಗಡಿಯಲ್ಲಿ ನನ್ನನ್ನು ಬೆಳೆಸಿದವರು ಇಪ್ಪತ್ತು ಜನ. ಇಲ್ಲಿ ಇರುವುದು ನಾವಿಬ್ಬರೇ, ಅದರಲ್ಲಿ ಒಬ್ಬರು ಸದಾ ಸಗಟು ಸಾಮಾನು ತರುವ ಕ್ಯಾಶ್ ಅಂಡ್ ಕ್ಯಾರಿಯಲ್ಲಿ.

ನಮ್ಮ ಅಂಗಡಿ ಒಳಗೆ ಹೋಗಿ ಎಡಕ್ಕೆ ಮುರಿಯುತ್ತದೆ. ಗಲ್ಲಾದ ಹಿಂದೆ ನಿಂತವರಿಗೆ ಹಿಂದಿನ ಸಾಲು ಕಾಣುವುದಿಲ್ಲ, ಚಾಕೊಲೇಟು, ಬ್ಯಾಟರಿ ಎಲ್ಲ ಅಲ್ಲೇ. ಸೀಲಿಂಗಿನ ಮೂಲೆಯಲ್ಲಿ ಒಂದು ಗುಂಡು ಕನ್ನಡಿ ಇತ್ತು, ಘಾಟಿ ತಿರುವಿನಲ್ಲಿ ಹಾಕಿರುತ್ತಾರಲ್ಲ, ಆ ಥರ ಉಬ್ಬಿದ್ದು. ನಾವು ಬಂದ ಎರಡನೇ ತಿಂಗಳು ಏಣಿ ತಗುಲಿ ಬಿದ್ದು ಒಡೆಯಿತು. ಹೊಸದಕ್ಕೆ ಮೂವತ್ತು ಪೌಂಡು. ಮುಂದಿನ ತಿಂಗಳು ನೋಡೋಣ ಅಂದುಕೊಂಡೆವು.

ಆ ತಿರುವಿನಲ್ಲಿ, ಕಾರ್ಡು ಇಡುವ ಸ್ಟ್ಯಾಂಡಿನ ಪಕ್ಕ, ಒಂದು ಪುಟ್ಟ ಸ್ಟೂಲು ಹಾಕಿದ್ದೆ. ಮಗಳು ಶಾಲೆಯಿಂದ ಬಂದು ಅಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದಳು. ಹಾಲಿನ ಕ್ರೇಟು ಮಗುಚಿ ಹಾಕಿ ಮೇಲೆ ರಟ್ಟು ಇಟ್ಟರೆ ಅದೇ ಮೇಜು. ಅಲ್ಲಿಂದ ಅವಳಿಗೆ ನಾನೂ ಕಾಣುತ್ತಿದ್ದೆ, ಹಿಂದಿನ ಸಾಲೂ ಕಾಣುತ್ತಿತ್ತು. ಒಂದು ದಿನ ಅವಳೇ ಓಡಿ ಬಂದು "ಅಮ್ಮ, ಆ ಅಣ್ಣ ಜೇಬಿಗೆ ಹಾಕ್ಕೊಂಡ" ಅಂದಳು. ಶಭಾಷ್ ಅಂದೆ. ಒಂದು ಚಾಕೊಲೇಟೂ ಕೊಟ್ಟೆ. ಆಮೇಲೆ ಸ್ಟೂಲು ಒಂದಡಿ ಮುಂದಕ್ಕೆ ಸರಿಸಿದೆ, ಇನ್ನೂ ಚೆನ್ನಾಗಿ ಕಾಣಲಿ ಅಂತ. ಆ ಒಂದಡಿಯನ್ನು ನಾನು ಬೇಕೆಂದೇ ಸರಿಸಿದೆ ತಂಗಿ. ಕನ್ನಡಿ ತರಲಿಲ್ಲ.

ಗಿರಾಕಿಗಳಿಗೆ ಗೊತ್ತಾಗಬಾರದು ಅಂತ ನಮ್ಮಿಬ್ಬರ ಮಾತು ಕನ್ನಡದಲ್ಲಿ. "ಕೈ ನೋಡು." "ಕೆಂಪು ಜಾಕೆಟ್ಟು." "ಇಬ್ಬರು ಒಳಗಿದ್ದಾರೆ." "ಸುಮ್ನಿರು, ಹೋಗ್ಲಿ." ಏಳು ವರ್ಷದ ಮಗು ಪುಸ್ತಕದಿಂದ ತಲೆಯೆತ್ತದೆ ತುಟಿ ಮಾತ್ರ ಆಡಿಸಿ ಹೇಳುವುದನ್ನು ಕಲಿತಿತ್ತು. ನಮಗೆ ಹೆಮ್ಮೆ! ಬಂದ ಕನ್ನಡದವರ ಮುಂದೆ ಹೇಳಿಕೊಂಡು ನಗುತ್ತಿದ್ದೆವು, ನಮ್ಮ ಸಿಸಿಟಿವಿ ನೋಡಿ ಅಂತ. ಮಿಕ್ಕ ಮಾತಿಗೆ ಹೊತ್ತೆಲ್ಲಿ. ರಾತ್ರಿ ಕಾಗಕ್ಕ ಗುಬ್ಬಕ್ಕನ ಕತೆ ಶುರು ಮಾಡಿದರೆ, ಮಳೆ ಬಂದು ಕಾಗಕ್ಕನ ಸಗಣಿ ಮನೆ ಕೊಚ್ಚಿಕೊಂಡು ಹೋಗಿ ಅದು ಗುಬ್ಬಕ್ಕನ ಬಾಗಿಲು ತಟ್ಟುವಷ್ಟರಲ್ಲಿ ಕೆಳಗೆ ಅಂಗಡಿ ಬಾಗಿಲಿನ ಗಂಟೆ ಟಿಂಗ್ ಅನ್ನುತ್ತಿತ್ತು. "ಆಮೇಲೆ ಹೇಳ್ತೀನಿ ಇರು." ನಮ್ಮ ಮನೆಯಲ್ಲಿ ಕಾಗಕ್ಕ ಎಷ್ಟೋ ವರ್ಷ ಮಳೆಯಲ್ಲೇ ನಿಂತಿತ್ತು.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ "ನೀಲಿ ಟೋಪಿ, ಕೈ ನೋಡು" ಅಂದಳು. ನಾನು ಹೋಗಿ ಹಿಡಿದೆ. ದೊಡ್ಡ ಹುಡುಗ, ಹನ್ನೆರಡು ಹದಿಮೂರು ಇರಬೇಕು. ನಾಲ್ಕು ಜನರ ಮುಂದೆ ಜೇಬು ಬರಿದು ಮಾಡಿಸಿ, ಇನ್ನು ಮೇಲೆ ಕಾಲಿಡಬೇಡ ಅಂತ ಕಳಿಸಿದೆ. ಹೋಗುವಾಗ ಅವನು ನನ್ನನ್ನು ನೋಡಲಿಲ್ಲ, ಸ್ಟೂಲಿನ ಕಡೆ ನೋಡಿದ. ಅದಾಗಿ ಹದಿನೈದು ದಿನಕ್ಕೆ ಅವಳ ಕ್ಲಾಸಿನ ಒಂದು ಹುಡುಗಿಯ ಹುಟ್ಟುಹಬ್ಬ. ಎಲ್ಲರನ್ನೂ ಕರೆದಿದ್ದರು, ಇವಳೊಬ್ಬಳನ್ನು ಬಿಟ್ಟು. ಬಣ್ಣ ನೋಡಿ ಬಿಟ್ಟಿದ್ದಾರೆ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಆ ತಾಯಿ ಅಂಗಡಿಗೆ ಬಂದರೆ ಚಿಲ್ಲರೆಯನ್ನು ಕೈಗೆ ಕೊಡದೆ ಕೌಂಟರ್ ಮೇಲೆ ಇಡುತ್ತಿದ್ದೆ. ವರ್ಷಗಟ್ಟಲೆ. ಆ ನೀಲಿ ಟೋಪಿ ಆ ಹುಡುಗಿಯ ಅಣ್ಣ ಅಂತ ನನಗೆ ಗೊತ್ತಾದದ್ದು 2020ರಲ್ಲಿ. ಲಾಕ್‌ಡೌನಿನಲ್ಲಿ ಮಗಳು ಯೂನಿವರ್ಸಿಟಿಯಿಂದ ಬಂದು ನನ್ನ ಜೊತೆ ಗಲ್ಲಾದಲ್ಲಿ ನಿಂತಿದ್ದಾಗ, ಮುಂದೆ ಪ್ಲಾಸ್ಟಿಕ್ ಪರದೆ, ನೆಲದ ಮೇಲೆ ಎರಡೆರಡು ಮೀಟರಿಗೆ ಟೇಪು, ಗಿರಾಕಿ ಇಲ್ಲದ ಹೊತ್ತಿನಲ್ಲಿ ನಗುತ್ತಲೇ ಹೇಳಿದಳು. "ನಾನು ನಿನಗೆ ಆಗಲೇ ಹೇಳಿದ್ದರೆ ನೀನು ಇಬ್ಬರನ್ನೂ ಅಂಗಡಿಗೆ ಸೇರಿಸುತ್ತಿರಲಿಲ್ಲ, ಅದಕ್ಕೆ ಹೇಳಲಿಲ್ಲ" ಅಂದಳು. ಆ ಹುಡುಗಿ ಇವಳ ಒಬ್ಬಳೇ ಗೆಳತಿಯಾಗಿದ್ದಳಂತೆ.

ನಮಗೆ ಕಳ್ಳ, ಗಿರಾಕಿ ಅಂತ ಕಾಣುವವರು ಮಗುವಿಗೆ ಕ್ಲಾಸಿನವರು, ಬಸ್ಸಿನಲ್ಲಿ ಪಕ್ಕ ಕೂರುವವರು. ನಾವು ಶಟರ್ ಎಳೆದರೆ ನಮ್ಮ ಜಗಳ ಮುಗಿಯಿತು. ಮಗು ಮರುದಿನ ಬೆಳಿಗ್ಗೆ ಅವರ ನಡುವೆ ಹೋಗಿ ಕೂರಬೇಕು. ಇದು ನನಗೆ ಹೊಳೆಯಲೇ ಇಲ್ಲ.

ನನ್ನ ಕಣ್ಣು ತೆರೆಸಿದ್ದು ನಮ್ಮಮ್ಮ. 2011ರ ಮೇ ತಿಂಗಳಲ್ಲಿ ಆರು ತಿಂಗಳ ವೀಸಾದಲ್ಲಿ ಬಂದಳು. ಅಪ್ಪ ಬರಲಿಲ್ಲ, ಅಂಗಡಿ ಬಿಟ್ಟು ಹೇಗೆ ಬರೋದು ಅಂದರಂತೆ. ಅಮ್ಮನಿಗೆ ಮೇಲೆ ಒಬ್ಬಳೇ ಕೂತು ಬೇಜಾರು, ಸ್ವೆಟರ್ ಮೇಲೆ ಶಾಲು ಹೊದ್ದು ಕೆಳಗೆ ಬಂದು ಮೊಮ್ಮಗಳ ಪಕ್ಕ ಇನ್ನೊಂದು ಕ್ರೇಟಿನ ಮೇಲೆ ಕೂರುತ್ತಿದ್ದಳು. ಒಂದು ಸಂಜೆ ಮೂರು ನಾಲ್ಕು ಹುಡುಗರು ಒಳಗೆ ಬಂದರು. ಮಗಳು ಪುಸ್ತಕದಿಂದ ತಲೆಯೆತ್ತದೆ "ಅಜ್ಜಿ, ಕೈ ನೋಡು" ಅಂದಳು. ಅಮ್ಮ ತನ್ನ ಬಲಗೈ ಬಿಡಿಸಿ ಅವಳ ಪುಸ್ತಕದ ಮೇಲೆ ಇಟ್ಟು "ನೋಡು ಕಂದಾ, ಏನು ಬರೆದಿದೆ ಹೇಳು" ಅಂದಳು. ಮಗು ಕಣಿ ಹೇಳುವ ಆಟ ಆಡುತ್ತಿದೆ ಅಂದುಕೊಂಡಿದ್ದಳು. ಮಗಳು ಆ ಕೈಯನ್ನೇ ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಮುಂದೆ ಹೇಳೋಕೆ ಕನ್ನಡದಲ್ಲಿ ಮಾತೇ ಇರಲಿಲ್ಲ.

ರಾತ್ರಿ ಅಮ್ಮ ಅನ್ನ ಕಲಸುತ್ತಾ ಸಾವಕಾಶವಾಗಿ ಕೇಳಿದಳು, "ಅಲ್ವೇ, ಮಗೀಗೆ ಕಾವಲು ಕಾಯೋ ಮಾತು ಬಿಟ್ಟು ಬೇರೆ ಏನೂ ಕಲಿಸಿಲ್ವಲ್ಲೇ ನೀನು." ಬೈಯಲಿಲ್ಲ. ಮಾರನೆ ದಿನ ಸೊಂಟದ ಎಲೆಯಡಿಕೆ ಚೀಲದಿಂದ ಮಡಿಸಿಟ್ಟ ಹತ್ತರ ಮೂರು ನೋಟು ತೆಗೆದು ಅಳಿಯನ ಕೈಗೆ ಕೊಟ್ಟಳು. ಊರಿನಿಂದ ಹೊರಡುವಾಗ ನನ್ನ ತಮ್ಮ ಖರ್ಚಿಗೆ ಅಂತ ಕೊಟ್ಟದ್ದು. "ಕನ್ನಡಿ ತಗೊಂಡ್ಬನ್ನಿ. ಮಗೂನ ಅಲ್ಲಿಂದ ಎಬ್ಬಿಸಿ." ಮೂವತ್ತು ಪೌಂಡಿನ ಕನ್ನಡಿಗೆ ನಾವು ನಾಲ್ಕು ವರ್ಷ ತಗೊಂಡಿದ್ದೆವು.

ಆಮೇಲೆ ಒಂದು ಕಟ್ಟು ಮಾಡಿಕೊಂಡೆವು. ಸಂಜೆ ಏಳರಿಂದ ಎಂಟು ಒಬ್ಬರು ಮಾತ್ರ ಕೆಳಗೆ, ಇನ್ನೊಬ್ಬರು ಮೇಲೆ ಮಕ್ಕಳ ಜೊತೆ. ಕೆಳಗಿದ್ದವರು ಏನೇ ಆದರೂ ಕರೆಯಬಾರದು. ಮೇಲೆ ಅಂಗಡಿ ಮಾತು ಎತ್ತಬಾರದು. ಗಂಟೆಯ ಸದ್ದು ಮೇಲೆ ಕೇಳದ ಹಾಗೆ ನಮ್ಮವರು ಅದಕ್ಕೆ ಹಳೆ ಕಾಲುಚೀಲ ಸುತ್ತಿದರು. ಮಗನಿಗೆ ಆಗ ಆರು, ಅವನ ಕನ್ನಡ ಆ ಒಂದು ಗಂಟೆಯ ಕನ್ನಡ. ಚೆನ್ನಾಗಿಯೇ ಮಾತಾಡುತ್ತಾನೆ, ತಿಪಟೂರಿಗೆ ಹೋದರೆ ಜಗಳವನ್ನೂ ಆಡುತ್ತಾನೆ. ಮಗಳಿಗೆ ಹನ್ನೊಂದು ಆಗಿಬಿಟ್ಟಿತ್ತು. ಈಗ ಇಪ್ಪತ್ತೈದು, ಮ್ಯಾಂಚೆಸ್ಟರಿನಲ್ಲಿ ಫಿಸಿಯೋಥೆರಪಿಸ್ಟು. ಪ್ರತಿ ಭಾನುವಾರ ಅಜ್ಜಿಗೆ ವೀಡಿಯೋ ಕಾಲ್ ಮಾಡುತ್ತಾಳೆ. "ಊಟ ಆಯ್ತಾ ಅಜ್ಜಿ" ಅಂತ ಶುರುವಾಗುತ್ತದೆ, ಮುಂದಕ್ಕೆ ತೊಡರುತ್ತದೆ, ಆಗ ಅಮ್ಮ ಆ ಕಡೆಯಿಂದ ತನ್ನ ಅಂಗೈಯನ್ನು ಕ್ಯಾಮೆರಾಕ್ಕೆ ಹಿಡಿಯುತ್ತಾಳೆ. ಇಬ್ಬರೂ ನಗುತ್ತಾರೆ. ನಾನು ಆ ಹೊತ್ತಿಗೆ ಅಡುಗೆಮನೆಗೆ ಹೋಗಿಬಿಡುತ್ತೇನೆ.

ಕನ್ನಡ ಉಳಿಯುತ್ತಾ ಅಂತ ಕೇಳಿದ್ದಕ್ಕೆ ಇಷ್ಟೇ ನನಗೆ ಗೊತ್ತಿರುವುದು. ವಾರಕ್ಕೊಮ್ಮೆ ಕನ್ನಡ ಕಲಿಸುವ ಕಡೆ ಕಳಿಸಿ, ಯುಗಾದಿ ರಾಜ್ಯೋತ್ಸವಕ್ಕೆ ಕರೆದುಕೊಂಡು ಹೋಗಿ, ಎಲ್ಲ ಒಳ್ಳೆಯದೇ. ನಾವು ಅದಕ್ಕೂ ಹೋಗಲಿಲ್ಲ. 2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣವಾದಾಗ ನಾನು ಫೋನಿನಲ್ಲಿ ನೋಡಿದೆ, ಒಂದು ಕೈಯಲ್ಲಿ ಲಾಟರಿ ಟಿಕೆಟ್ ಕೊಡುತ್ತಾ. ಅವತ್ತು ಶನಿವಾರ, ಲಾಟರಿ ಡ್ರಾ ಇರುವ ದಿನ, ಬಾಗಿಲು ಹಾಕೋಕೆ ಮನಸ್ಸು ಬರಲಿಲ್ಲ.

ಬರೀ ಕಷ್ಟವೇ ಬರೆದೆ ಅನ್ನಿಸಬೇಡಿ. ಮನೆ ಕೊಂಡೆವು. ಇಬ್ಬರೂ ಮಕ್ಕಳು ಓದಿದರು. 2008ರಲ್ಲಿ ಟಾಟಾದವರು ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡ ಮೇಲೆ ಈ ಕಡೆಗೆ ನಮ್ಮ ಎಂಜಿನಿಯರ್ ಹುಡುಗರು ಜಾಸ್ತಿ ಬರತೊಡಗಿದರು. ಒಬ್ಬ ಹುಡುಗ ಒಂದು ಮಳೆಗಾಲದ ಸಂಜೆ ಬಂದು ಸುಮ್ನೆ ಅತ್ತಿತ್ತ ನೋಡಿ, ಇಂಗ್ಲಿಷಿನಲ್ಲಿ ತಡವರಿಸುತ್ತಾ ರಾಗಿ ಹಿಟ್ಟು ಅನ್ನೋದಕ್ಕೆ ಏನಂತಾರೆ ಅಂತ ಫೋನಿನಲ್ಲಿ ಹುಡುಕುತ್ತಿದ್ದ. "ರಾಗಿ ಹಿಟ್ಟೇ ಅಂತಾರಪ್ಪ" ಅಂದೆ. ಅವನ ಮುಖ ನೋಡಬೇಕಿತ್ತು. ಅವತ್ತಿನಿಂದ ಒಂದು ಶೆಲ್ಫು ನಮ್ಮದು, ಸೋನಾಮಸೂರಿ, ರಾಗಿ ಹಿಟ್ಟು, ಚಿರೋಟಿ ರವೆ, ಬ್ಯಾಡಗಿ ಮೆಣಸಿನಕಾಯಿ. ಕೊತ್ತಂಬರಿ ಸೊಪ್ಪಿಗೆ ನಮ್ಮವರು ನಾಲ್ಕು ಗಂಟೆಗೆದ್ದು ಬರ್ಮಿಂಗ್‌ಹ್ಯಾಮಿನ ಹೋಲ್‌ಸೇಲ್ ಮಾರ್ಕೆಟ್ಟಿಗೆ ವ್ಯಾನ್ ತಗೊಂಡು ಹೋಗುತ್ತಾರೆ, ಅದು 2018ರಿಂದ ವಿಟನ್ ಕಡೆ ಹೋಗಿದೆ. ನಿಮಗೂ ಅದೇ ಹತ್ತಿರ.

ನೀವು ಚಕ್ಕುಲಿ ಮಾಡಿ ಮಾರುವ ಆಸೆ ಬರೆದಿದ್ದೀರಿ. ಮಾಡಿ, ಆದರೆ ಶುರು ಮಾಡುವ 28 ದಿನ ಮೊದಲು ಕೌನ್ಸಿಲ್ಲಿನಲ್ಲಿ, ಅಂದರೆ ಊರಿನ ನಗರಸಭೆಯಲ್ಲಿ, ನೋಂದಾಯಿಸಿ. ಅಂಗಡಿಯಲ್ಲೇ ಕಟ್ಟಿದ ಪೊಟ್ಟಣವಾದರೂ ಅದರೊಳಗೆ ಏನೇನಿದೆ ಅಂತ 2021ರ ಅಕ್ಟೋಬರಿನಿಂದ ಪೂರ್ತಿ ಬರೆಯಬೇಕು, ಅಲರ್ಜಿಯ 14 ಪದಾರ್ಥಗಳಲ್ಲಿ ಯಾವುದಿದ್ದರೂ ಎದ್ದು ಕಾಣುವ ಹಾಗೆ. ಎಳ್ಳು ಆ ಪಟ್ಟಿಯಲ್ಲಿದೆ. ಎಳ್ಳಿಲ್ಲದ ಚಕ್ಕುಲಿ ಎಂಥದ್ದು, ಆದ್ದರಿಂದ ಬರೆಯಿರಿ. ಇನ್ನೊಂದು, ಸ್ವಂತ ಅಂಗಡಿಯಾದರೂ 13 ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚುವಂತಿಲ್ಲ, ಆಮೇಲೂ ಕೌನ್ಸಿಲ್ಲಿನ ಪರ್ಮಿಟ್ ಬೇಕು. ನನಗೆ ಆಗ ಯಾರೂ ಹೇಳಲಿಲ್ಲ ಅಂತ ಬರೆಯೋಣ ಅಂದುಕೊಂಡೆ. ಹೇಳಿದ್ದರೂ "ಕೆಲಸ ಎಲ್ಲಿ, ಸುಮ್ನೆ ಕೂತಿದೆ ಮಗು" ಅನ್ನುತ್ತಿದ್ದೆ.

ತಗೊಳ್ಳೋದಾ ಬೇಡ್ವಾ ಅನ್ನುವುದಕ್ಕೆ ನಾನು ಉತ್ತರ ಕೊಡುವುದಿಲ್ಲ, ಬೇಜಾರಾಗಬೇಡಿ. ಸಹಿ ಹಾಕುವ ಮುಂಚೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬನ್ನಿ, ರೈಲಿನಲ್ಲಿ ಮುಕ್ಕಾಲು ಗಂಟೆಯ ಆಸುಪಾಸು. ಈಗ ನಾವು ಭಾನುವಾರ ಮಧ್ಯಾಹ್ನ ಎರಡಕ್ಕೇ ಶಟರ್ ಎಳೆಯುತ್ತೇವೆ, ವ್ಯಾಪಾರ ಹೋದರೆ ಹೋಗಲಿ. ಬಿಸಿಬೇಳೆಬಾತು ಮಾಡಿರುತ್ತೇನೆ. ನಿಮ್ಮ ದೊಡ್ಡವಳಿಗೆ ಕಾಗಕ್ಕನ ಕತೆ ಗೊತ್ತಾ ಕೇಳಿ ನೋಡಿ, ಗೊತ್ತಿಲ್ಲದಿದ್ದರೆ ನಾನು ಹೇಳುತ್ತೇನೆ, ಕೊನೆವರೆಗೂ. ಬರುವಾಗ ಲೀಸಿನ ಕಾಗದ ಮರೆಯದೆ ತನ್ನಿ.